ಉರುಳುವ ಗಾಡಿ, ಉರಿಯುವ ಒಲೆ

ಕೆಲವು ವರ್ಷಗಳ ಹಿಂದಿನ ಮಾತು. ನಾನು ಮತ್ತು ನನ್ನ ಶ್ರೀಮತಿ ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಷಿಕಾಗೊದಿಂದ ಡೆನ್ವರ್‌ವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಮುಂದೆ ಮಗಳು, ಅಳಿಯ ಮತ್ತು ಎರಡು ವರ್ಷದ ಮೊಮ್ಮಗಳ ಜೊತೆ ಬಾಡಿಗೆಯ ಮೋಟಾರು ಮನೆಯೊಂದರಲ್ಲಿ ಯೆಲ್ಲೊಸ್ಟೋನ್ ಉದ್ಯಾನದತ್ತ ನಿಧಾನವಾಗಿ ಸಾಗುವುದು ನಮ್ಮ ಯೋಜನೆ. ಅಮೆರಿಕದವರು ಇಂಥ ವಾಹನವನ್ನು ಚಿಕ್ಕದಾಗಿ ಆರ್.ವಿ. ಎನ್ನುತ್ತಾರೆ. ಹಾಸಿಗೆ, ಸ್ನಾನದ ಕೋಣೆ, ಮೂರು ಉರಿಗಳ ಗ್ಯಾಸ್ ಒಲೆ, ತಂಗಳುಪೆಟ್ಟಿಗೆ ಎಲ್ಲವೂ ಅದರಲ್ಲಿರುತ್ತವೆ.

ಮೊದಲ ರಾತ್ರಿ ಒಂದು ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ ಮಲಗಿದೆವು. ಬೆಳಿಗ್ಗೆ ನೋಡಿದರೆ ತಂಗಳುಪೆಟ್ಟಿಗೆಯ ಒಳಗೆ ತಂಪೇ ಇಲ್ಲ! ಮೊಸರು ಹುಳಿಯಾಗಿ ಉಕ್ಕಿತ್ತು. ಮೊಮ್ಮಗಳ ಹಾಲು ಒಡೆದಿತ್ತು. ಪೆಟ್ಟಿಗೆಯ ಹಿಂಭಾಗದಲ್ಲಿ ಗ್ಯಾಸಿನ ಪುಟ್ಟ ನೀಲಿ ಜ್ವಾಲೆ ಮಾತ್ರ ಎಂದಿನಂತೆ ಉರಿಯುತ್ತಿತ್ತು. ನನ್ನ ಶ್ರೀಮತಿ ಪಾತ್ರೆ ತೊಳೆಯುತ್ತಾ, "ಏನ್ರೀ, ಮೂವತ್ತು ವರ್ಷ ಭೌತವಿಜ್ಞಾನ ಪಾಠ ಮಾಡಿದ್ದೀರಿ. ಬೆಂಕಿ ಹಚ್ಚಿ ತಣ್ಣಗೆ ಮಾಡೋದು ಹೇಗೆ ಅಂತ ನಿಮಗೂ ಗೊತ್ತಿಲ್ವಾ?" ಎಂದು ಕೇಳಿದಳು. ಆ ಕ್ಷಣಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಉತ್ತರವನ್ನು ಹುಡುಕುತ್ತಾ ಹೋದಾಗ, ಗಾಡಿಯೊಳಗಿನ ಅಡುಗೆಮನೆಗೆ ನೂರೈವತ್ತು ವರ್ಷಗಳಿಗೂ ಹೆಚ್ಚಿನ ಇತಿಹಾಸವಿದೆ ಎಂಬುದು ತಿಳಿಯಿತು. ಆವಿಯ ಒತ್ತಡ, ಗುಪ್ತೋಷ್ಣ, ಆಂಶಿಕ ಒತ್ತಡ ಎಂದು ನಾವು ತರಗತಿಯಲ್ಲಿ ಬೋಧಿಸುವ ಪರಿಕಲ್ಪನೆಗಳೆಲ್ಲ ಈ ಇತಿಹಾಸದಲ್ಲಿ ಅನ್ನ, ಸಾರು, ಮೊಸರಿನ ರೂಪದಲ್ಲಿ ಎದುರಾಗುತ್ತವೆ. ಆ ಕಥೆಯನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಎತ್ತಿನ ಗಾಡಿಯ ಕಾಲ

1840ರ ದಶಕದಿಂದ 1860ರ ದಶಕದವರೆಗೆ ಲಕ್ಷಾಂತರ ಜನ ಮಿಸೌರಿ ನದಿಯ ದಡದಿಂದ ಪಶ್ಚಿಮದ ಆರಿಗನ್ ಮತ್ತು ಕ್ಯಾಲಿಫೋರ್ನಿಯಗಳಿಗೆ ವಲಸೆ ಹೋದರು. ಆರಿಗನ್ ಹಾದಿಯ ಉದ್ದ ಸುಮಾರು 3,200 ಕಿ.ಮೀ. ಎತ್ತುಗಳು ಎಳೆಯುವ, ಬಟ್ಟೆಯ ಮುಚ್ಚಿಗೆಯ ಗಾಡಿಗಳಲ್ಲಿ ಈ ಪ್ರಯಾಣಕ್ಕೆ ನಾಲ್ಕರಿಂದ ಆರು ತಿಂಗಳು ಹಿಡಿಯುತ್ತಿತ್ತು. ಗಾಡಿಯಲ್ಲಿ ಸಾಮಾನಿಗೇ ಜಾಗ ಸಾಲದ ಕಾರಣ ಹೆಚ್ಚಿನವರು ಪಕ್ಕದಲ್ಲಿ ನಡೆದೇ ಹೋಗುತ್ತಿದ್ದರು.

ಅಷ್ಟು ದಿನಗಳಿಗೆ ಏನೇನು ಆಹಾರ ಬೇಕು? ಅಮೆರಿಕದ ಸೈನ್ಯಾಧಿಕಾರಿ ರ್‍ಯಾಂಡಾಲ್ಫ್ ಮಾರ್ಸಿ 1859ರಲ್ಲಿ ಪ್ರಕಟಿಸಿದ ಪ್ರವಾಸಿ ಕೈಪಿಡಿಯಲ್ಲಿ ಇದರ ಲೆಕ್ಕವಿದೆ. 110 ದಿನಗಳ ಪ್ರಯಾಣಕ್ಕೆ ಒಬ್ಬ ವಯಸ್ಕನಿಗೆ ಸುಮಾರು 68 ಕಿಲೊಗ್ರಾಂ ಹಿಟ್ಟು, 11 ಕಿಲೊಗ್ರಾಂ ಉಪ್ಪು ಹಾಕಿ ಒಣಗಿಸಿದ ಹಂದಿಮಾಂಸ, 7 ಕಿಲೊಗ್ರಾಂ ಕಾಫಿ, 11 ಕಿಲೊಗ್ರಾಂ ಸಕ್ಕರೆ. ಜೊತೆಗೆ ಉಪ್ಪು, ಮೆಣಸು ಮತ್ತು ರೊಟ್ಟಿ ಉಬ್ಬಿಸುವ ಸೋಡಾ. ಈ ಪಟ್ಟಿಯಲ್ಲಿರುವ ಪ್ರತಿಯೊಂದು ವಸ್ತುವೂ ಒಣಗಿದ್ದು ಅಥವಾ ಉಪ್ಪು ಹಾಕಿದ್ದು ಎಂಬುದನ್ನು ಗಮನಿಸಿ. ನೀರಿನ ಅಂಶ ಕಡಿಮೆಯಾದಷ್ಟೂ ಸೂಕ್ಷ್ಮಜೀವಿಗಳಿಗೆ ಬೆಳೆಯಲು ಅವಕಾಶ ಕಡಿಮೆ. ನಮ್ಮ ಹಿರಿಯರು ದೂರದ ಪ್ರಯಾಣಕ್ಕೆ ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ ಕಟ್ಟಿಕೊಳ್ಳುತ್ತಿದ್ದುದರ ಹಿಂದೆಯೂ ಇದೇ ತತ್ತ್ವವಿದೆ.

ಬಯಲುಸೀಮೆಯಲ್ಲಿ ನೂರಾರು ಕಿಲೊಮೀಟರು ಮರಗಳೇ ಇರಲಿಲ್ಲ. ಹಾಗಾದರೆ ಸೌದೆ? ಕಾಡೆಮ್ಮೆಗಳ ಒಣಗಿದ ಸಗಣಿಯೇ ಉರುವಲು. ಹೆಂಗಸರು ಮತ್ತು ಮಕ್ಕಳು ದಾರಿಯುದ್ದಕ್ಕೂ ಅದನ್ನು ಮಡಿಲಲ್ಲಿ ಆಯ್ದುಕೊಂಡು ಬರುತ್ತಿದ್ದರು. ಬೆರಣಿಯ ಒಲೆಯನ್ನು ಬಲ್ಲ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಇನ್ನು ಸೋಡಾ ಮುಗಿದವರು ಇಂದಿನ ವಯೋಮಿಂಗ್ ರಾಜ್ಯದ ಕ್ಷಾರಯುಕ್ತ ಕೆರೆಗಳ ದಂಡೆಯಲ್ಲಿ ಬೆಳ್ಳಗೆ ಹೆಪ್ಪುಗಟ್ಟಿದ್ದ ಪುಡಿಯನ್ನು ಕೆರೆದು ತಂದು ರೊಟ್ಟಿಗೆ ಬೆರೆಸುತ್ತಿದ್ದರು. ಹಸು ಇದ್ದವರು ಬೆಳಿಗ್ಗೆ ಕರೆದ ಹಾಲನ್ನು ಮುಚ್ಚಿದ ಪಾತ್ರೆಯಲ್ಲಿ ಗಾಡಿಗೆ ತೂಗುಹಾಕುತ್ತಿದ್ದರು. ದಿನವಿಡೀ ಗಾಡಿಯ ಕುಲುಕಾಟಕ್ಕೆ ಸಿಕ್ಕಿ, ಸಂಜೆಯ ಹೊತ್ತಿಗೆ ಬೆಣ್ಣೆ ತೇಲುತ್ತಿತ್ತು. ಕಡೆಯುವ ಶ್ರಮವನ್ನು ಎತ್ತುಗಳೇ ಮಾಡಿ ಮುಗಿಸಿರುತ್ತಿದ್ದವು!

ಆದರೆ ಈ ಪ್ರಯಾಣ ವಿಹಾರವಾಗಿರಲಿಲ್ಲ. 1849ರಿಂದ 1852ರವರೆಗೆ ಈ ಹಾದಿಯಲ್ಲಿ ಕಾಲರಾ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಕಲುಷಿತ ನೀರಿನಿಂದ ಕಾಲರಾ ಹರಡುತ್ತದೆಂದು ಜಾನ್ ಸ್ನೋ ಲಂಡನ್ನಿನಲ್ಲಿ ಪ್ರಸಿದ್ಧ ಪುರಾವೆ ಒದಗಿಸಿದ್ದು 1854ರಲ್ಲಿ. ಅದಕ್ಕೂ ಮುಂಚೆ, ಕಾರಣ ತಿಳಿಯದೆಯೇ, ಕಾಫಿಗೆಂದು ನೀರು ಕುದಿಸಿ ಕುಡಿದವರು ಅಪಾಯವನ್ನು ಕಡಿಮೆ ಮಾಡಿಕೊಳ್ಳುತ್ತಿದ್ದರು. ಮುಂದೆ 1860ರ ದಶಕದಲ್ಲಿ ಪರ್ವತಗಳ ನಡುವೆ ರೈಲುದಾರಿ ಹಾಕಿದ ಚೀನೀ ಕಾರ್ಮಿಕರೂ ಹೀಗೆಯೇ. ತಮ್ಮದೇ ಅಡುಗೆಯವರನ್ನು ಇಟ್ಟುಕೊಂಡು, ತಮ್ಮ ಊರಿನ ಊಟ ಉಂಡು, ಕುದಿಸಿದ ಚಹಾ ಕುಡಿಯುತ್ತಿದ್ದ ಅವರಲ್ಲಿ ಹೊಟ್ಟೆಯ ರೋಗಗಳು ಕಡಿಮೆ ಇದ್ದವೆಂದು ಇತಿಹಾಸಕಾರರು ಹೇಳುತ್ತಾರೆ. ಮನೆಯ ಅಡುಗೆ ಎಂಬುದು ಇಲ್ಲಿ ಕೇವಲ ನಾಲಿಗೆಯ ಚಪಲವಲ್ಲ, ಜೀವದ ಪ್ರಶ್ನೆ.

ಕುದಿದರೂ ಬೇಯದ ಕಾಳು

ರಾಕಿ ಪರ್ವತಗಳನ್ನು ಆರಿಗನ್ ಹಾದಿ ದಾಟುವುದು ಸೌತ್ ಪಾಸ್ ಎಂಬಲ್ಲಿ. ಇದರ ಎತ್ತರ ಸುಮಾರು 2,260 ಮೀಟರು. ಹೆಸರು ಕೇಳಿ ಕಡಿದಾದ ಕಣಿವೆಯನ್ನು ಊಹಿಸಿಕೊಳ್ಳಬೇಡಿ. ಅದು ಅಗಲವಾದ, ಸಮನಾದ ಬಯಲಿನಂತೆ ಕಾಣುತ್ತದೆ. ನಾವೂ ಅಲ್ಲಿ ಗಾಡಿ ನಿಲ್ಲಿಸಿ ಮಧ್ಯಾಹ್ನದ ಅಡುಗೆಗೆ ತೊಡಗಿದೆವು. ಚಿಕ್ಕ ಪಾತ್ರೆಯಲ್ಲಿ ಬೇಳೆ ಇಟ್ಟು ಅರ್ಧ ಗಂಟೆಯಾದರೂ ಅದು ಬೇಯಲಿಲ್ಲ. ನೀರೇನೋ ಕೊತಕೊತನೆ ಕುದಿಯುತ್ತಿತ್ತು. ಕಡೆಗೆ ಮಗಳು ಪ್ರೆಷರ್ ಕುಕ್ಕರನ್ನು ಹೊರತೆಗೆದಾಗ ಸಮಸ್ಯೆ ಬಗೆಹರಿಯಿತು.

ಇದಕ್ಕೆ ಕಾರಣವೇನು? ದ್ರವದ ಆವಿಯ ಒತ್ತಡ ಹೊರಗಿನ ವಾಯುವಿನ ಒತ್ತಡಕ್ಕೆ ಸಮನಾದಾಗ ದ್ರವ ಕುದಿಯುತ್ತದೆ. ಮೇಲೇರಿದಂತೆ ವಾಯುವಿನ ಒತ್ತಡ ಕಡಿಮೆಯಾಗುತ್ತದೆ. ಸೌತ್ ಪಾಸ್‌ನಲ್ಲಿ ಅದು ಸಮುದ್ರಮಟ್ಟದಲ್ಲಿರುವುದರ ಸುಮಾರು 76% ಮಾತ್ರ. ಆದ್ದರಿಂದ ಅಲ್ಲಿ ನೀರು ಸುಮಾರು 92° ಸೆ.ನಲ್ಲೇ ಕುದಿಯುತ್ತದೆ. ಉರಿ ಎಷ್ಟೇ ಹೆಚ್ಚಿಸಿದರೂ ತೆರೆದ ಪಾತ್ರೆಯ ನೀರಿನ ತಾಪ ಅದಕ್ಕಿಂತ ಮೇಲೇರದು. ಹೆಚ್ಚುವರಿ ಉಷ್ಣವೆಲ್ಲ ನೀರನ್ನು ಆವಿಯಾಗಿಸಲು ವ್ಯಯವಾಗುತ್ತದೆ. ಬೇಯುವುದು ಒಂದು ರಾಸಾಯನಿಕ ಕ್ರಿಯೆ. ತಾಪ 10° ಇಳಿದರೆ ಇಂಥ ಕ್ರಿಯೆಗಳ ವೇಗ ಸುಮಾರು ಅರ್ಧದಷ್ಟಾಗುತ್ತದೆ ಎಂಬುದು ಸ್ಥೂಲ ನಿಯಮ. ಎಂಟು ಡಿಗ್ರಿಯ ಇಳಿತ ಕೇಳಲು ಸಣ್ಣದು, ಆದರೆ ಉರುವಲಿಗೆ ಸಗಣಿ ಆಯುವವರಿಗೆ ಅದು ದೊಡ್ಡ ವ್ಯತ್ಯಾಸ.

ಇದೇ ಅನುಭವ 1835ರಲ್ಲಿ ಆಂಡೀಸ್ ಪರ್ವತವನ್ನು ದಾಟುತ್ತಿದ್ದ ಚಾರ್ಲ್ಸ್ ಡಾರ್ವಿನ್‌ಗೂ ಆಯಿತು. ರಾತ್ರಿಯೆಲ್ಲ ಕುದಿಯಲು ಬಿಟ್ಟ ಆಲೂಗಡ್ಡೆ ಬೆಳಿಗ್ಗೆಯೂ ಗಟ್ಟಿಯಾಗಿಯೇ ಇತ್ತು. ಅವನ ಜೊತೆಗಿದ್ದ ಆಳುಗಳು ಹೊಸ ಪಾತ್ರೆಗೇ ಏನೋ ದೋಷ ತಗುಲಿದೆ ಎಂದುಕೊಂಡರು. ಡಾರ್ವಿನ್‌ಗೆ ಮಾತ್ರ ವಾಯುವಿನ ಒತ್ತಡ ಕಾರಣವೆಂಬುದು ತಿಳಿದಿತ್ತು. ವಿಶೇಷವೆಂದರೆ, ಇದಕ್ಕೆ ಪರಿಹಾರ ಅದಕ್ಕೂ ಒಂದೂವರೆ ಶತಮಾನದ ಹಿಂದೆಯೇ ಸಿದ್ಧವಾಗಿತ್ತು. ಫ್ರಾನ್ಸಿನ ಡೆನಿ ಪಪಿನ್ 1679ರಲ್ಲಿ ಬಿಗಿಯಾದ ಮುಚ್ಚಳದ ಪಾತ್ರೆಯೊಂದನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಪ್ರದರ್ಶಿಸಿದ. ಅದು ಸಿಡಿಯದಂತೆ ಸುರಕ್ಷಾ ಕವಾಟವನ್ನೂ ಅಳವಡಿಸಿದ. ಇಂದಿನ ಕುಕ್ಕರಿನ 'ವೆಯ್ಟ್' ಅದರ ವಂಶದ್ದೇ.

ವಿದ್ಯಾರ್ಥಿಗಳಿಗೆ ಇಲ್ಲೊಂದು ಪ್ರಶ್ನೆ. ಕುಕ್ಕರಿನೊಳಗೆ ಎಲ್ಲೆಡೆಯೂ ತಾಪ ಒಂದೇ ಇರುತ್ತದೆಯೇ? ಇಲ್ಲ. ವೆಯ್ಟ್ ತಡೆದುಹಿಡಿಯುವುದು ಹೊರಗಿನ ಒತ್ತಡಕ್ಕಿಂತ ಹೆಚ್ಚಿನ ಸುಮಾರು ಒಂದು ವಾಯುಮಂಡಲದಷ್ಟನ್ನು. ಸಮುದ್ರಮಟ್ಟದಲ್ಲಿ ಒಳಗಿನ ಒಟ್ಟು ಒತ್ತಡ 2 ವಾಯುಮಂಡಲ, ತಾಪ ಸುಮಾರು 121° ಸೆ. ಸೌತ್ ಪಾಸ್‌ನಲ್ಲಿ ಒಟ್ಟು 1.76 ವಾಯುಮಂಡಲ, ತಾಪ ಸುಮಾರು 116° ಸೆ. ಆದ್ದರಿಂದ ಬೆಟ್ಟದ ಮೇಲೆ ಕುಕ್ಕರಿಗೂ ಒಂದೆರಡು ವಿಶಲ್ ಹೆಚ್ಚು ಬೇಕು.

ರೈಲಿನಲ್ಲಿ ಒಲೆ

1869ರ ಮೇ 10ರಂದು ಯೂಟಾದ ಪ್ರಾಮಂಟರಿ ಶಿಖರದಲ್ಲಿ ಪೂರ್ವ–ಪಶ್ಚಿಮದ ಹಳಿಗಳು ಕೂಡಿದವು. ಆರು ತಿಂಗಳ ಪ್ರಯಾಣ ಸುಮಾರು ಒಂದು ವಾರಕ್ಕೆ ಇಳಿಯಿತು. ಆದರೆ ಒಂದು ವಾರ ತಿನ್ನುವುದೇನು? ರೈಲು ದಿನಕ್ಕೆ ಎರಡು ಮೂರು ಬಾರಿ ಊಟಕ್ಕೆಂದು ಇಪ್ಪತ್ತು ಮೂವತ್ತು ನಿಮಿಷ ನಿಲ್ಲುತ್ತಿತ್ತು. ಅಷ್ಟರಲ್ಲಿ ನೂರಾರು ಜನ ನುಗ್ಗಿ ಸಿಕ್ಕಿದ್ದನ್ನು ತಿನ್ನಬೇಕು. ಫ್ರೆಡ್ ಹಾರ್ವಿ ಎಂಬಾತ 1876ರಲ್ಲಿ ಕಾನ್ಸಾಸ್‌ನ ಟೊಪೀಕ ನಿಲ್ದಾಣದಲ್ಲಿ ಶುಚಿಯಾದ ಉಪಾಹಾರ ಮಂದಿರ ತೆರೆದು, ಸಾಂಟಾ ಫೆ ರೈಲುದಾರಿಯುದ್ದಕ್ಕೂ ಅಂಥವನ್ನೇ ಬೆಳೆಸಿದ. ಅದಕ್ಕೂ ಮುಂಚೆ, 1868ರಲ್ಲಿ, ಜಾರ್ಜ್ ಪುಲ್‌ಮನ್ 'ಡೆಲ್ಮೊನಿಕೊ' ಹೆಸರಿನ ಊಟದ ಬೋಗಿಯನ್ನು ಹಳಿಗಿಳಿಸಿದ್ದ. ಬೋಗಿಯ ಒಂದು ಭಾಗದಲ್ಲಿ ಇಕ್ಕಟ್ಟಾದ ಅಡುಗೆಮನೆ, ಉಳಿದಲ್ಲಿ ಬಿಳಿಯ ಬಟ್ಟೆ ಹಾಸಿದ ಮೇಜುಗಳು. ಹಣವುಳ್ಳವರಿಗೆ ಪ್ರಯಾಣ ಎಂಬುದು ಸುಖವಾದದ್ದು ಆಗ.

ಬಡ ವಲಸಿಗರಿಗೆ ಬೇರೆಯೇ ಬೋಗಿಗಳಿದ್ದವು. ಮರದ ಬೆಂಚುಗಳ ಆ ಬೋಗಿಯ ಒಂದು ತುದಿಯಲ್ಲಿ ಕಬ್ಬಿಣದ ಒಲೆ ಇರುತ್ತಿತ್ತು. ಪ್ರಯಾಣಿಕರು ಸರದಿಯಂತೆ ಅದರ ಮೇಲೆ ಕಾಫಿ ಕಾಯಿಸಿ, ಇದ್ದುದನ್ನು ಬೇಯಿಸಿಕೊಳ್ಳುತ್ತಿದ್ದರು. ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್ 1879ರಲ್ಲಿ ಇಂಥ ಬೋಗಿಯಲ್ಲಿ ಖಂಡವನ್ನು ದಾಟಿದ. ಸೂರ್ಯ ಹುಟ್ಟುವ ಮೊದಲೇ ಒಲೆ ಹೊತ್ತುತ್ತಿದ್ದುದನ್ನೂ, ನಿಲ್ದಾಣದಲ್ಲಿ ಸ್ಥಳೀಯರು ಹಾಲು, ಮೊಟ್ಟೆ ತಂದು ಮಾರುತ್ತಿದ್ದುದನ್ನೂ, ಅಪರಿಚಿತರು ಪಾಲುಗಾರರಾಗಿ ಸಾಮಾನು ಕೊಂಡು ಒಟ್ಟಿಗೆ ತಿಂಡಿ ತಿನ್ನುತ್ತಿದ್ದುದನ್ನೂ ಅವನು ಬರೆದಿದ್ದಾನೆ. ಕೆನಡಾದಲ್ಲಿ 1885ರಲ್ಲಿ ಪೂರ್ಣಗೊಂಡ ಪೆಸಿಫಿಕ್ ರೈಲುದಾರಿಯ ವಲಸಿಗರ ಬೋಗಿಗಳಲ್ಲೂ ಇಂಥದೇ ಒಲೆಗಳಿದ್ದವು.

ಓಡುವ ರೈಲಿನಲ್ಲಿ ಅಡುಗೆ ಮಾಡುವವನು ತಿಳಿಯದೆಯೇ ಯಂತ್ರವಿಜ್ಞಾನವನ್ನು ಕಲಿತಿರುತ್ತಾನೆ. ಉದಾಹರಣೆಗೆ, ಗಂಟೆಗೆ 80 ಕಿ.ಮೀ. ವೇಗದ ರೈಲು 600 ಮೀಟರು ತ್ರಿಜ್ಯದ ತಿರುವಿನಲ್ಲಿ ಸಾಗುತ್ತಿದೆ ಎನ್ನಿ. ಕೇಂದ್ರಾಭಿಮುಖ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ ಸುಮಾರು 0.8 ಮೀಟರು. ಹಳಿಗಳು ಸಮತಟ್ಟಾಗಿದ್ದರೆ ಸಾರಿನ ಮೇಲ್ಮೈ ಸುಮಾರು 5 ಡಿಗ್ರಿ ವಾಲುತ್ತದೆ. 24 ಸೆ.ಮೀ. ಅಗಲದ ಪಾತ್ರೆಯಲ್ಲಿ ಹೊರ ಅಂಚಿನ ಸಾರು ಒಂದು ಸೆ.ಮೀ. ಮೇಲೇರುತ್ತದೆ. ಅಂಚಿನವರೆಗೆ ತುಂಬಿದ್ದರೆ ಚೆಲ್ಲುವುದು ಖಂಡಿತ. ಹೊರಗಿನ ಹಳಿಯನ್ನು ಸೂಕ್ತವಾಗಿ ಎತ್ತರಿಸಿದರೆ ಬೋಗಿಯೂ ಪಾತ್ರೆಯೂ ಅಷ್ಟೇ ವಾಲುವುದರಿಂದ ಸಾರು ಚೆಲ್ಲುವುದಿಲ್ಲ. ಆದರೆ ಈ ಹೊಂದಾಣಿಕೆ ಒಂದು ನಿರ್ದಿಷ್ಟ ವೇಗಕ್ಕೆ ಮಾತ್ರ. ಆದ್ದರಿಂದಲೇ ರೈಲಿನ ಒಲೆಗಳ ಸುತ್ತ ಕಂಬಿ ಇರುತ್ತದೆ, ಪಾತ್ರೆಗಳು ಆಳವಾಗಿರುತ್ತವೆ.

ನಾವು ಪ್ರಯಾಣಿಸಿದ್ದು 'ಕ್ಯಾಲಿಫೋರ್ನಿಯ ಜೆಫಿರ್' ರೈಲಿನಲ್ಲಿ. ಷಿಕಾಗೊದಿಂದ ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಎಮರಿವಿಲ್‌ವರೆಗೆ ಸುಮಾರು 3,900 ಕಿ.ಮೀ.ಗಳನ್ನು ಅದು ಎರಡು ಹಗಲು ಎರಡು ರಾತ್ರಿಗಳಿಗೂ ಮೀರಿ ಕ್ರಮಿಸುತ್ತದೆ. ಅದರ ಎರಡಂತಸ್ತಿನ ಊಟದ ಬೋಗಿಯಲ್ಲಿ ಅಡುಗೆಮನೆ ಕೆಳಗೆ, ಊಟದ ಮೇಜುಗಳು ಮೇಲೆ. ತಟ್ಟೆಗಳು ಪುಟ್ಟ ಲಿಫ್ಟಿನಲ್ಲಿ ಮೇಲೇರುತ್ತವೆ. ಇಂದು ರೈಲಿನಲ್ಲಿ ಪ್ರಯಾಣಿಕರು ಒಲೆ ಹೊತ್ತಿಸುವಂತಿಲ್ಲ. ಆದರೆ ನಮ್ಮ ಬಳಿ ಷಿಕಾಗೊದ ಬಂಧುಗಳ ಮನೆಯಲ್ಲಿ ಮಾಡಿದ ಚಪಾತಿ, ಪುಳಿಯೋಗರೆ ಮತ್ತು ಮೊಸರನ್ನದ ಬುತ್ತಿಯಿತ್ತು. ಅನ್ನಕ್ಕೆ ಹಾಲು ಬೆರೆಸಿ ಒಂದೇ ಚಮಚ ಮೊಸರು ಹಾಕಿದರೆ ಪ್ರಯಾಣದಲ್ಲೇ ಅದು ಹದವಾಗಿ ಹೆಪ್ಪಾಗುತ್ತದೆ. ಸಮಯವನ್ನು ಲೆಕ್ಕಹಾಕಿ ಮಾಡುವ ಈ ಜೈವಿಕ ಕ್ರಿಯೆ ನಮ್ಮ ತಾಯಂದಿರಿಗೆ ಯಾವ ಪುಸ್ತಕವೂ ಇಲ್ಲದೆ ಗೊತ್ತಿತ್ತು.

ಬುತ್ತಿಯ ಇನ್ನೊಂದು ಕಥೆ

ಆ ಬುತ್ತಿಯನ್ನು ಬಿಚ್ಚಿದಾಗ ಎದುರಿನ ಸೀಟಿನಲ್ಲಿದ್ದ ವೃದ್ಧ ಆಫ್ರಿಕನ್ ಅಮೆರಿಕನ್ ಮಹಿಳೆಯೊಬ್ಬರು ನಕ್ಕು, ತಮ್ಮ ಬಾಲ್ಯದಲ್ಲಿ ಅಮ್ಮ ಬೂಟಿನ ಖಾಲಿ ರಟ್ಟಿನ ಪೆಟ್ಟಿಗೆಯಲ್ಲಿ ಊಟ ಕಟ್ಟಿಕೊಡುತ್ತಿದ್ದುದನ್ನು ನೆನಪಿಸಿಕೊಂಡರು. ಹುರಿದ ಕೋಳಿ, ಬೇಯಿಸಿದ ಮೊಟ್ಟೆ, ಒಂದು ತುಂಡು ಕೇಕು. "ಅದು ರುಚಿಗಾಗಿ ಮಾತ್ರ ಅಲ್ಲ" ಎಂದರು ಅವರು.

ಅವರ ಮಾತಿನ ಹಿಂದೆ ದೊಡ್ಡ ಇತಿಹಾಸವಿದೆ. ದಕ್ಷಿಣದ ರಾಜ್ಯಗಳಲ್ಲಿ ವರ್ಣಭೇದದ ಕಾಯಿದೆಗಳಿದ್ದ ಕಾಲದಲ್ಲಿ ಕಪ್ಪು ಜನರಿಗೆ ಊಟದ ಬೋಗಿಯಲ್ಲಿ ಸಮಾನ ಪ್ರವೇಶವಿರಲಿಲ್ಲ. ನಿಲ್ದಾಣದ ಹೋಟೆಲುಗಳಲ್ಲೂ ಇರಲಿಲ್ಲ. ಅದೇ ಬೋಗಿಗಳಲ್ಲಿ ಅಡುಗೆ ಮಾಡುವವರು, ಬಡಿಸುವವರು ಮಾತ್ರ ಬಹುಪಾಲು ಕಪ್ಪು ಜನರೇ! 1942ರಲ್ಲಿ ಎಲ್ಮರ್ ಹೆಂಡರ್ಸನ್ ಎಂಬ ಸರ್ಕಾರಿ ನೌಕರ ಊಟದ ಬೋಗಿಗೆ ಹೋದಾಗ, ಕಪ್ಪು ಜನರಿಗೆಂದು ಪರದೆಯ ಹಿಂದೆ ಇಟ್ಟಿದ್ದ ಮೇಜುಗಳಲ್ಲೂ ಬಿಳಿಯರು ಕುಳಿತಿದ್ದರು. ಅವನಿಗೆ ಊಟ ಸಿಗಲೇ ಇಲ್ಲ. ಅವನು ನ್ಯಾಯಾಲಯಕ್ಕೆ ಹೋದ. ಎಂಟು ವರ್ಷಗಳ ನಂತರ, 1950ರಲ್ಲಿ, ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಈ ಭೇದ ಕಾಯಿದೆಗೆ ವಿರುದ್ಧವೆಂದು ತೀರ್ಪಿತ್ತಿತು. ರಸ್ತೆಯಲ್ಲೂ ಸ್ಥಿತಿ ಬೇರೆಯಾಗಿರಲಿಲ್ಲ. ಕಪ್ಪು ಪ್ರವಾಸಿಗರಿಗೆ ಎಲ್ಲಿ ಊಟ, ವಸತಿ ಸಿಗುತ್ತದೆಂದು ತಿಳಿಸುವ 'ಗ್ರೀನ್ ಬುಕ್' ಎಂಬ ಕೈಪಿಡಿಯನ್ನು ವಿಕ್ಟರ್ ಗ್ರೀನ್ ಎಂಬ ಅಂಚೆ ನೌಕರ 1936ರಿಂದ ಪ್ರಕಟಿಸಬೇಕಾಯಿತು.

ಇದನ್ನು ಕೇಳುವಾಗ ನನಗೆ ನಮ್ಮ ಅಜ್ಜಿಯ ನೆನಪಾಯಿತು. ಆಕೆ ರೈಲಿನಲ್ಲಿ ಬೇರೆಯವರು ಮುಟ್ಟಿದ ನೀರನ್ನೂ ಕುಡಿಯುತ್ತಿರಲಿಲ್ಲ. ಬ್ರಿಟಿಷರ ಕಾಲದಲ್ಲಿ ನಮ್ಮ ನಿಲ್ದಾಣಗಳಲ್ಲಿ ಹಿಂದೂಗಳಿಗೆ ಬೇರೆ, ಮುಸಲ್ಮಾನರಿಗೆ ಬೇರೆ ನೀರಿನ ವ್ಯವಸ್ಥೆಯಿತ್ತು. ಎಷ್ಟೋ ಜನರಿಗೆ ಆ ಎರಡೂ ಕೊಡಗಳನ್ನು ಮುಟ್ಟುವ ಅವಕಾಶವಿರಲಿಲ್ಲ. ನಮ್ಮಜ್ಜಿಯ ಬುತ್ತಿ ಇತರರನ್ನು ದೂರವಿಡಲು; ಆ ಮಹಿಳೆಯ ಅಮ್ಮನ ಬುತ್ತಿ, ದೂರವಿಡಲ್ಪಟ್ಟವರು ಹಸಿಯದಿರಲು. ಅಂದು ಅವರು ನಮ್ಮ ಪುಳಿಯೋಗರೆಯನ್ನು ಇಷ್ಟಪಟ್ಟು ತಿಂದರು. ಅವರು ಕೊಟ್ಟ ಕಿತ್ತಳೆಯನ್ನು ನಾವು ತಿಂದೆವು.

ಮೋಟಾರು ಮನೆ ಬಂದದ್ದು

1910ರಲ್ಲಿ ಪಿಯರ್ಸ್-ಆ್ಯರೊ ಕಂಪನಿ ನ್ಯೂಯಾರ್ಕಿನಲ್ಲಿ ಪ್ರದರ್ಶಿಸಿದ 'ಟೂರಿಂಗ್ ಲ್ಯಾಂಡೊ' ಎಂಬ ಕಾರಿನಲ್ಲಿ ಮಡಿಸಿದರೆ ಹಾಸಿಗೆಯಾಗುವ ಆಸನವಿತ್ತು. ಮೊದಲ ಆರ್.ವಿ. ಎಂಬ ಗೌರವವನ್ನು ಸಾಮಾನ್ಯವಾಗಿ ಅದಕ್ಕೆ ಕೊಡುತ್ತಾರೆ. ಮುಂದಿನ ವರ್ಷಗಳಲ್ಲಿ ಥಾಮಸ್ ಎಡಿಸನ್, ಹೆನ್ರಿ ಫೋರ್ಡ್, ಹಾರ್ವಿ ಫೈರ್‌ಸ್ಟೋನ್ ಮತ್ತು ನಿಸರ್ಗ ಲೇಖಕ ಜಾನ್ ಬರೋಸ್ ಬೇಸಿಗೆಯಲ್ಲಿ ಕಾರುಗಳಲ್ಲಿ ಶಿಬಿರ ಪ್ರವಾಸ ಹೊರಡುತ್ತಿದ್ದರು. ಅವರ ಹಿಂದೆ ಪೆಟ್ರೋಲ್ ಒಲೆ ಮತ್ತು ಐಸ್ ಪೆಟ್ಟಿಗೆ ಜೋಡಿಸಿದ ಅಡುಗೆ ಲಾರಿ ಬರುತ್ತಿತ್ತು. ರಾತ್ರಿ ಎಡಿಸನ್ನನ ಸಂಚಯಕ ಬ್ಯಾಟರಿಗಳಿಂದ ದೀಪ ಉರಿಯುತ್ತಿತ್ತು.

ಸಾಮಾನ್ಯ ಜನ ಹಿಂದೆ ಬೀಳಲಿಲ್ಲ. 1919ರಲ್ಲಿ ಫ್ಲಾರಿಡದ ಟ್ಯಾಂಪದಲ್ಲಿ 'ಟಿನ್ ಕ್ಯಾನ್ ಟೂರಿಸ್ಟ್ಸ್' ಎಂಬ ಸಂಘ ಹುಟ್ಟಿತು. ಡಬ್ಬಿಯ ಆಹಾರ ತಿನ್ನುತ್ತಾ, ಕಾರಿನ ಪಕ್ಕದಲ್ಲಿ ಗುಡಾರ ಹಾಕಿ, ಊರೂರು ಸುತ್ತುವ ಜನ ಇವರು. 1923ರಲ್ಲಿ ಕೋಲ್ಮನ್ ಕಂಪನಿ ಪೆಟ್ಟಿಗೆಯಂತೆ ಮಡಿಸಬಹುದಾದ ಶಿಬಿರದ ಒಲೆಯನ್ನು ಮಾರುಕಟ್ಟೆಗೆ ತಂದಿತು. ಗಾಳಿ ತುಂಬಿ ಇಂಧನವನ್ನು ಒತ್ತಡದಿಂದ ಮೇಲೇರಿಸಿ ಆವಿಯಾಗಿಸಿ ಉರಿಸುವ ತಂತ್ರ ಅದರದು. ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ 1892ರಲ್ಲಿ ರೂಪಿಸಿದ ಪ್ರೈಮಸ್ ಸೀಮೆಎಣ್ಣೆ ಒಲೆಯ ತಂತ್ರವೂ ಇದೇ. ನಮ್ಮ ಮನೆಗಳಲ್ಲಿ ಭರ್‍ರೆಂದು ಸದ್ದುಮಾಡುತ್ತಿದ್ದ ಪಂಪ್ ಸ್ಟೌ ಇದರ ಬಂಧು.

1934ರಲ್ಲಿ ಹಾಲಿ ಬೌಲಸ್ ಎಂಬ ವಿಮಾನ ತಜ್ಞ ಅಲ್ಯೂಮಿನಿಯಂ ತಗಡಿನ ಟ್ರೇಲರನ್ನು ನಿರ್ಮಿಸಿದ. ಲಿಂಡ್‌ಬರ್ಗ್ 1927ರಲ್ಲಿ ಅಟ್ಲಾಂಟಿಕ್ ದಾಟಿದ ವಿಮಾನದ ನಿರ್ಮಾಣದ ಮೇಲ್ವಿಚಾರಣೆ ಮಾಡಿದ್ದವನು ಈತ. 1936ರಲ್ಲಿ ವಾಲಿ ಬಯಮ್ 'ಏರ್‌ಸ್ಟ್ರೀಮ್ ಕ್ಲಿಪ್ಪರ್' ತಂದ. ಅಡುಗೆಮನೆ ಇಲ್ಲದೆ ಶಿಬಿರಕ್ಕೆ ಬರುವುದಿಲ್ಲವೆಂದು ಹೆಂಡತಿ ಹಠ ಹಿಡಿದದ್ದೇ ಬಯಮ್ ಟ್ರೇಲರ್ ಕಟ್ಟಲು ತೊಡಗಿದ್ದಕ್ಕೆ ಕಾರಣ ಎಂಬ ಕಥೆ ಪ್ರಚಲಿತವಾಗಿದೆ. ಅಯೋವ ರಾಜ್ಯದ ವಿನ್ನೆಬೇಗೊ ಕಂಪನಿ 1966ರಿಂದ ಮೋಟಾರು ಮನೆಗಳನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸತೊಡಗಿದ ಮೇಲೆ ಇವು ಮಧ್ಯಮ ವರ್ಗದ ಕೈಗೂ ಎಟುಕಿದವು.

ಸಿಲಿಂಡರಿನೊಳಗಿನ ದ್ರವ

ಸಗಣಿ, ಕಲ್ಲಿದ್ದಲು, ಪೆಟ್ರೋಲ್ ಆದ ಮೇಲೆ ಬಂದದ್ದು ದ್ರವೀಕೃತ ಅನಿಲ. 1910ರ ಸುಮಾರಿಗೆ ಅಮೆರಿಕದ ಗಣಿ ಇಲಾಖೆಯ ರಸಾಯನವಿಜ್ಞಾನಿ ವಾಲ್ಟರ್ ಸ್ನೆಲಿಂಗ್, ಪೆಟ್ರೋಲಿನಿಂದ ಆವಿಯಾಗಿ ಹೋಗುತ್ತಿದ್ದ ಅನಿಲಗಳನ್ನು ಪರೀಕ್ಷಿಸಿದ. ಅವುಗಳಲ್ಲಿ ಪ್ರೊಪೇನ್ ಮತ್ತು ಬ್ಯೂಟೇನ್ ಇದ್ದವು. ಸಾಧಾರಣ ತಾಪದಲ್ಲೇ, ಕೇವಲ ಒತ್ತಡದಿಂದ, ಇವನ್ನು ದ್ರವವಾಗಿಸಬಹುದು. ದ್ರವ ಪ್ರೊಪೇನ್ ಅನಿಲವಾದಾಗ ಸುಮಾರು 270 ಪಟ್ಟು ಹಿಗ್ಗುತ್ತದೆ. ಅಂದರೆ ಒಂದು ಚಿಕ್ಕ ಸಿಲಿಂಡರಿನಲ್ಲಿ ಹಲವು ದಿನಗಳ ಅಡುಗೆ ಅಡಗಿದೆ. ಎರಡು ಲೀಟರು ನೀರನ್ನು 20°ಯಿಂದ 100° ಸೆ.ಗೆ ಏರಿಸಲು ಸುಮಾರು 670 ಕಿಲೊಜೂಲ್ ಉಷ್ಣ ಬೇಕು. ಒಲೆಯ ದಕ್ಷತೆ 45% ಎಂದುಕೊಂಡರೂ ಸುಮಾರು 32 ಗ್ರಾಂ ಅನಿಲ ಸಾಕು.

ಅಮೆರಿಕದ ಆರ್.ವಿ.ಗಳಲ್ಲಿ ಪ್ರೊಪೇನನ್ನೇ ಬಳಸುತ್ತಾರೆ. ನಮ್ಮ ಅಡುಗೆ ಅನಿಲದಲ್ಲಿ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣವಿದೆ. ಏಕೆ? ಬ್ಯೂಟೇನಿನ ಕುದಿಬಿಂದು ಸುಮಾರು −0.5° ಸೆ. ಹಿಮ ಬೀಳುವ ರಾತ್ರಿ ಅದು ಸಿಲಿಂಡರಿನಿಂದ ಹೊರಬರುವುದೇ ಇಲ್ಲ. ಪ್ರೊಪೇನಿನ ಕುದಿಬಿಂದು −42° ಸೆ. ಆದ್ದರಿಂದ ಕೊರೆಯುವ ಚಳಿಯಲ್ಲೂ ಅದು ಆವಿಯಾಗುತ್ತದೆ. ಒಂದು ಎಚ್ಚರಿಕೆ: ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಸೋರಿದರೆ ಮೇಲೇರದೆ ನೆಲದಲ್ಲಿ ಕೆರೆಯಂತೆ ನಿಲ್ಲುತ್ತದೆ. ಅದಕ್ಕೇ ಈ ಗಾಡಿಗಳಲ್ಲಿ ಅನಿಲ ಸೋರಿಕೆಯ ಗಂಟೆಯನ್ನು ನೆಲದ ಹತ್ತಿರ ಜೋಡಿಸಿರುತ್ತಾರೆ. ಚಳಿಯೆಂದು ಕಿಟಕಿ ಮುಚ್ಚಿ ಒಲೆ ಹೊತ್ತಿಸಿ ಮಲಗುವುದಂತೂ ಪ್ರಾಣಾಂತಕ. ಆಮ್ಲಜನಕ ಕಡಿಮೆಯಾದಂತೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಉತ್ಪತ್ತಿಯಾಗುತ್ತದೆ.

ಬೆಂಕಿಯಿಂದ ತಂಪು

ಈಗ ನನ್ನ ಶ್ರೀಮತಿಯ ಪ್ರಶ್ನೆಗೆ ಬರೋಣ. ದ್ರವ ಆವಿಯಾಗುವಾಗ ಸುತ್ತಲಿನಿಂದ ಗುಪ್ತೋಷ್ಣವನ್ನು ಹೀರುತ್ತದೆ. ಎಲ್ಲ ತಂಗಳುಪೆಟ್ಟಿಗೆಗಳ ಮೂಲ ತತ್ತ್ವ ಇದೇ. ಮನೆಯ ಪೆಟ್ಟಿಗೆಯಲ್ಲಿ ಆ ಆವಿಯನ್ನು ಮತ್ತೆ ದ್ರವವಾಗಿಸಲು ವಿದ್ಯುತ್ ಮೋಟಾರಿನ ಸಂಪೀಡಕ ಬೇಕು. 1922ರಲ್ಲಿ ಸ್ಟಾಕ್‌ಹೋಮಿನ ತಾಂತ್ರಿಕ ವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಬಾಲ್ತ್ಸಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ಚಲಿಸುವ ಭಾಗ ಒಂದೂ ಇಲ್ಲದ ಪೆಟ್ಟಿಗೆಯನ್ನು ರೂಪಿಸಿದರು.

ಅದರ ಮೊಹರು ಮಾಡಿದ ಕೊಳವೆಗಳಲ್ಲಿ ಅಮೋನಿಯ, ನೀರು ಮತ್ತು ಹೈಡ್ರೊಜನ್ ಇರುತ್ತವೆ. ಜ್ವಾಲೆ ಅಮೋನಿಯದ ದ್ರಾವಣವನ್ನು ಕಾಯಿಸಿದಾಗ ಅಮೋನಿಯ ಆವಿಯಾಗಿ ಮೇಲೇರುತ್ತದೆ. ಹೊರಗಿನ ಗಾಳಿಗೆ ತಣಿದು ದ್ರವವಾಗಿ, ಗುರುತ್ವದಿಂದ ಕೆಳಗಿಳಿದು ಪೆಟ್ಟಿಗೆಯೊಳಗಿನ ಕೊಳವೆಗೆ ಬರುತ್ತದೆ. ಅಲ್ಲಿ ಹೈಡ್ರೊಜನ್ ತುಂಬಿದೆ. ಒಟ್ಟು ಒತ್ತಡ ಎಲ್ಲೆಡೆ ಒಂದೇ ಆದರೂ, ಅಲ್ಲಿ ಅಮೋನಿಯದ ಆಂಶಿಕ ಒತ್ತಡ ಬಹಳ ಕಡಿಮೆ. ಜಾನ್ ಡಾಲ್ಟನ್ 1801ರಲ್ಲಿ ಕಂಡುಕೊಂಡ ನಿಯಮ ಇಲ್ಲಿ ಕೆಲಸ ಮಾಡುತ್ತದೆ. ಹೈಡ್ರೊಜನ್ ಇರಲಿ ಬಿಡಲಿ, ತನ್ನ ಪಾಲಿನ ಒತ್ತಡ ಕಡಿಮೆಯಿರುವುದರಿಂದ ಅಮೋನಿಯ ಭರದಿಂದ ಆವಿಯಾಗಿ ಉಷ್ಣವನ್ನು ಹೀರುತ್ತದೆ. ಪೆಟ್ಟಿಗೆ ತಂಪಾಗುತ್ತದೆ. ಭಾರವಾದ ಮಿಶ್ರಣ ಕೆಳಗಿಳಿದಾಗ ನೀರು ಅಮೋನಿಯವನ್ನು ಹೀರಿಕೊಳ್ಳುತ್ತದೆ. ಹಗುರವಾದ ಹೈಡ್ರೊಜನ್ ಮರಳಿ ಮೇಲೇರುತ್ತದೆ. ಜ್ವಾಲೆ ಉರಿಯುವವರೆಗೂ ಈ ಚಕ್ರ ಸುತ್ತುತ್ತಲೇ ಇರುತ್ತದೆ.

ಇದೇ ಸಮಸ್ಯೆಗೆ ಆಲ್ಬರ್ಟ್ ಐನ್‌ಸ್ಟೈನ್ ಕೂಡ ಮನಸ್ಸು ಕೊಟ್ಟಿದ್ದರು. ಬರ್ಲಿನ್ನಿನ ಒಂದು ಕುಟುಂಬ ತಂಗಳುಪೆಟ್ಟಿಗೆಯಿಂದ ಸೋರಿದ ವಿಷಾನಿಲಕ್ಕೆ ಬಲಿಯಾದ ಸುದ್ದಿಯನ್ನು ಓದಿ ನೊಂದು, ಅವರು ಲಿಯೊ ಜಿಲಾರ್ಡ್ ಜೊತೆಗೂಡಿ ಚಲಿಸುವ ಭಾಗಗಳಿಲ್ಲದ ಹಲವು ವಿನ್ಯಾಸಗಳನ್ನು ರೂಪಿಸಿದರು. ಅಮೆರಿಕದ ಪೇಟೆಂಟ್ 1930ರಲ್ಲಿ ದೊರೆಯಿತು. ಆ ಪೆಟ್ಟಿಗೆ ಮಾರುಕಟ್ಟೆಗೆ ಬರಲಿಲ್ಲ. ಉಳಿದು ಬಾಳಿದ್ದು ಸ್ವೀಡನ್ನಿನ ವಿದ್ಯಾರ್ಥಿಗಳ ವಿನ್ಯಾಸ.

ಈಗ ನಮ್ಮ ಮೊಸರು ಕೆಟ್ಟದ್ದೇಕೆಂದು ನೀವೇ ಊಹಿಸಿರಬಹುದು. ಈ ಯಂತ್ರದಲ್ಲಿ ದ್ರವವನ್ನು ಮರಳಿ ತರುವ ಕೆಲಸ ಗುರುತ್ವದ್ದು. ಗಾಡಿ ಇಳಿಜಾರಿನಲ್ಲಿ ಗಂಟೆಗಟ್ಟಲೆ ನಿಂತರೆ ದ್ರವ ಕೊಳವೆಯ ಮೂಲೆಯಲ್ಲಿ ನಿಂತುಬಿಡುತ್ತದೆ, ಚಕ್ರ ಕಡಿಯುತ್ತದೆ. ಓಡುವಾಗ ಗಾಡಿ ಅತ್ತಿತ್ತ ಆಡುವುದರಿಂದ ತೊಂದರೆಯಿಲ್ಲ. ಮರುದಿನದಿಂದ ನಾನು ಗಾಡಿ ನಿಲ್ಲಿಸಿದ ಕೂಡಲೇ ಒಂದು ಬಟ್ಟಲಿಗೆ ನೀರು ಹಾಕಿ ಮೇಜಿನ ಮೇಲಿಟ್ಟು ನೋಡುತ್ತಿದ್ದೆ. ನೀರು ಒಂದು ಕಡೆಗೆ ಸರಿದಿದ್ದರೆ ಅಳಿಯ ಚಕ್ರದ ಕೆಳಗೆ ಹಲಗೆ ಇಡುತ್ತಿದ್ದ. ಮತ್ತೆ ಮೊಸರು ಕೆಡಲಿಲ್ಲ.

ಕೊನೆಯಲ್ಲಿ

ದೊಡ್ಡ ಮೋಟಾರು ಮನೆ ಒಂದು ಲೀಟರು ಇಂಧನಕ್ಕೆ ಸಾಗುವುದು 3ರಿಂದ 4 ಕಿ.ಮೀ. ಮಾತ್ರ. ಆ ದೃಷ್ಟಿಯಿಂದ ನೂರಾರು ಜನರನ್ನು ಒಟ್ಟಿಗೆ ಒಯ್ಯುವ ರೈಲು ಎಷ್ಟೋ ಮೇಲು. ಎರಡನ್ನೂ ಬೆರೆಸಿ, ದೂರದ ದಾರಿಗೆ ರೈಲು, ಸುತ್ತಾಟಕ್ಕೆ ಮಾತ್ರ ಗಾಡಿ ಎಂದು ಮಾಡಿಕೊಂಡದ್ದು ನಮಗೆ ಸರಿಯೆನಿಸಿತು.

ಶಿಕ್ಷಕ ಮಿತ್ರರಲ್ಲಿ ಒಂದು ವಿನಂತಿ. ಮುಂದಿನ ಶಾಲಾ ಪ್ರವಾಸದಲ್ಲಿ ಪ್ರಯೋಗಾಲಯದ ಒಂದು ತಾಪಮಾಪಕವನ್ನೂ ಚಿಕ್ಕ ಪಾತ್ರೆಯನ್ನೂ ಜೊತೆಗೊಯ್ಯಿರಿ. ಅಡುಗೆಯವರು ನೀರು ಕುದಿಸುವಾಗ ಮಕ್ಕಳಿಂದಲೇ ಅದರ ತಾಪವನ್ನು ಅಳೆಸಿ. ಸುಮಾರು 300 ಮೀಟರು ಏರಿದರೆ ಕುದಿಬಿಂದು ಒಂದು ಡಿಗ್ರಿ ಇಳಿಯುತ್ತದೆ. ಮಂಗಳೂರಿನ ಕಡಲ ದಂಡೆಯಲ್ಲಿ 100° ಸೆ. ಇದ್ದರೆ, ಬೆಂಗಳೂರಿನಲ್ಲಿ ಸುಮಾರು 97° ಸೆ., ಮಡಿಕೇರಿಯಲ್ಲಿ ಸುಮಾರು 96° ಸೆ. ಬರಬೇಕು. ಬಂದ ಅಂಕಿಗಳಿಂದ ಎತ್ತರ–ಕುದಿಬಿಂದುವಿನ ನಕ್ಷೆ ಎಳೆಯಲಿ. ಆಮೇಲೆ ಎಲ್ಲ ಮಕ್ಕಳೂ ತಂದ ಬುತ್ತಿಗಳನ್ನು ಒಂದೇ ಕಡೆ ಬಿಚ್ಚಿ, ಹಂಚಿಕೊಂಡು ತಿನ್ನಲಿ. ಈ ಇತಿಹಾಸದ ಎರಡು ಪಾಠಗಳೂ ಅಲ್ಲಿಗೆ ಮುಗಿದಂತಾಗುತ್ತದೆ.